ಆಟದ ರಾತ್ರಿ, ನಾಲ್ಕು ಕ್ಯಾಮೆರಾ, ಒಂದು ಡಿಸ್ಕ್

ಯಕ್ಷಗಾನದ ಪ್ರಸಂಗ ಪುಸ್ತಕ ತೆರೆದು ನೋಡಿದರೆ ಅದರಲ್ಲಿ ಇರುವುದು ಪದ್ಯ ಮಾತ್ರ. ವೇಷಧಾರಿ ಆಡುವ ಮಾತು ಎಲ್ಲೂ ಬರೆದಿಲ್ಲ. ಭಾಗವತರು, ಅಂದರೆ ಹಾಡುವವರು, ಪದ್ಯ ಹೇಳಿ ನಿಲ್ಲಿಸಿದ ಮೇಲೆ ಅರ್ಥ (ಆ ಮಾತಿಗೆ ಹಾಗೆನ್ನುತ್ತಾರೆ) ಹುಟ್ಟುವುದು ಅಲ್ಲೇ, ರಂಗಸ್ಥಳದಲ್ಲೇ. ಎದುರಿನ ಪಾತ್ರ ಏನು ಕೇಳಿತು, ಅವತ್ತಿನ ಸಭೆ ಹೇಗಿತ್ತು, ಕಲಾವಿದರ ಮನಸ್ಸು ಹೇಗಿತ್ತು, ಎಲ್ಲ ಸೇರಿ ಆ ಮಾತು. ಅದೇ ಪ್ರಸಂಗ, ಅದೇ ಜೋಡಿ, ಮರುದಿನ ಪಕ್ಕದ ಊರಿನಲ್ಲಿ ಆಡಿದರೂ ಸಂವಾದ ಬೇರೆಯೇ ಆಗಿರುತ್ತದೆ. ಹಾಗಾಗಿ ಒಂದು ರಾತ್ರಿಯ ರೆಕಾರ್ಡಿಂಗ್ ಹೋಯಿತು ಅಂದರೆ ಹೋಯಿತು. ಮತ್ತೊಮ್ಮೆ ಆಡಿಸಿ ತೆಗೆಯುವುದಕ್ಕೆ ಆಗುವುದಿಲ್ಲ.

ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ಬೆಲೆ ಇನ್ನೂ ಜಾಸ್ತಿ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಪಿತಾಮಹ ಎನ್ನುವ ಪಾರ್ತಿಸುಬ್ಬ ಕುಂಬಳೆಯವನು. ಶೇಣಿ ಗೋಪಾಲಕೃಷ್ಣ ಭಟ್ಟರು ಈ ಮಣ್ಣಿನವರು. 2006ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಅರ್ಥಗಾರಿಕೆಯನ್ನು ಹೊಸಬರು ಕೇಳಿದ್ದು ಯಾರೋ ಪುಣ್ಯಾತ್ಮರು ಉಳಿಸಿದ ಕ್ಯಾಸೆಟ್‌ಗಳಿಂದ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರು 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದೇಶಕ್ಕೆಲ್ಲ ಗೊತ್ತು. ನಮಗೆ ಅವರು ಭಾಗವತಿಕೆ ಮಾಡುತ್ತಿದ್ದ ಸ್ವಾಮೀಜಿಯೂ ಹೌದು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಕನ್ನಡ ಶಾಲೆಯ ಹೊರಗೆ ಒಂದು ಮಗು ಗಂಟೆಗಟ್ಟಲೆ ಒಳ್ಳೆಯ ಕನ್ನಡ ಕೇಳುವ ಜಾಗ ಯಾವುದು ಅಂತ ಕೇಳಿದರೆ, ನಾನು ಆಟದ, ಅಂದರೆ ಯಕ್ಷಗಾನ ನಡೆಯುವ, ಗದ್ದೆ ಅಂತಲೇ ಹೇಳುತ್ತೇನೆ.

ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯ ಆಟಗಳನ್ನು ನಾವು ಕೆಲವು ಗೆಳೆಯರು ಸೇರಿ ನಾಲ್ಕು ಕ್ಯಾಮೆರಾ ಇಟ್ಟು ರೆಕಾರ್ಡ್ ಮಾಡುತ್ತೇವೆ. ಒಂದು ಕ್ಯಾಮೆರಾ ಹಿಂದೆ, ಇಡೀ ರಂಗಸ್ಥಳಕ್ಕೆ. ಒಂದು ಮುಂದೆ, ಮುಖಕ್ಕೆ. ಒಂದು ಹಿಮ್ಮೇಳಕ್ಕೆ, ಅಂದರೆ ಭಾಗವತರು, ಚೆಂಡೆ, ಮದ್ದಳೆಯವರು ಇರುವ ಕಡೆಗೆ. ಇನ್ನೊಂದು ಬದಿಯಿಂದ, ವೇಷ ಚೌಕಿಯಿಂದ (ಬಣ್ಣ ಹಚ್ಚುವ ಜಾಗದಿಂದ) ಬರುವ ದಾರಿಗೆ. ನಾಲ್ಕರ ಕೇಬಲ್ಲೂ, ಚಿತ್ರವನ್ನು ಯುಎಸ್‌ಬಿಗೆ ಬದಲಿಸುವ ಕ್ಯಾಪ್ಚರ್ ಕಾರ್ಡ್ ಮೂಲಕ, ಒಂದು ಲ್ಯಾಪ್‌ಟಾಪಿಗೆ ಬರುತ್ತದೆ. ಅಲ್ಲಿ ಒಬ್ಬ ಕೂತು ಕ್ಯಾಮೆರಾ ಬದಲಿಸುತ್ತಾನೆ, ಅದು ನೇರ ಪ್ರಸಾರಕ್ಕೆ ಹೋಗುತ್ತದೆ. ನಾಲ್ಕೂ ಬೇರೆ ಬೇರೆಯಾಗಿ ಡಿಸ್ಕಿಗೂ ಬರೆಯಲ್ಪಡುತ್ತವೆ, ಆಮೇಲೆ ಎಡಿಟ್ ಮಾಡುವುದಕ್ಕೆ. ಕೇಳಲಿಕ್ಕೆ ಸುಲಭ. ಆದರೆ ಇದರಲ್ಲಿ ತೊಂದರೆ ಕಾಣಿಸುವ ಜಾಗ ಒಂದು, ತೊಂದರೆ ಇರುವ ಜಾಗ ಇನ್ನೊಂದು. ನಾನು ಈ ಬರಹಕ್ಕೆ ಕೂತದ್ದೇ ಆ ಒಂದು ವಿಷಯಕ್ಕೆ.

ಮೊದಲು ಯುಎಸ್‌ಬಿ. ಮೂರು ಕ್ಯಾಮೆರಾ ಚೆನ್ನಾಗಿ ಓಡುತ್ತವೆ, ನಾಲ್ಕನೆಯದು ಹಾಕಿದ ಕೂಡಲೇ ಒಂದು ಕಪ್ಪಾಗುತ್ತದೆ. ಎಲ್ಲರೂ ಮೊದಲು ಹೇಳುವುದು, “ಆ ಕ್ಯಾಪ್ಚರ್ ಕಾರ್ಡ್ ಹೋಗಿದೆ ಅಣ್ಣಾ.” ಕಾರ್ಡ್ ಹೋಗಿರುವುದಿಲ್ಲ. ಲೆಕ್ಕ ಹಾಕಿ ನೋಡಿ. 1080 ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಕುಗ್ಗಿಸದೆ ಕಳಿಸಿದರೆ ಒಂದು ಚುಕ್ಕಿಗೆ 2 ಬೈಟ್. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಕ್ಯಾಮೆರಾಕ್ಕೆ ಸುಮಾರು 104 ಎಂಬಿ. ನಾಲ್ಕಕ್ಕೆ 415. ಯುಎಸ್‌ಬಿ 3.0 ಪೆಟ್ಟಿಗೆಯ ಮೇಲೆ 5 ಗಿಗಾಬಿಟ್ ಅಂತ ಬರೆದಿದ್ದರೂ ಒಳಗಿನ ಖರ್ಚು ಕಳೆದು ಕೈಗೆ ಸಿಗುವುದು 400 ಎಂಬಿಯ ಆಸುಪಾಸು. ಲ್ಯಾಪ್‌ಟಾಪಿನಲ್ಲಿ ಪೋರ್ಟ್ ಕಡಿಮೆ ಅಂತ ನಾಲ್ಕನ್ನೂ ಒಂದೇ ಹಬ್‌ಗೆ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆಗೆ) ಚುಚ್ಚಿದರೆ ನಾಲ್ಕೂ ಆ ಒಂದೇ ದಾರಿಯಲ್ಲಿ ಹೋಗಬೇಕು. ಮೂರು ಹಿಡಿಸುತ್ತದೆ, ನಾಲ್ಕು ಹಿಡಿಸುವುದಿಲ್ಲ. ಅದೇ ಹಬ್‌ನಲ್ಲಿ ಹೊರಗಿನ ಡಿಸ್ಕ್ ಕೂಡ ಇದ್ದರೆ ಮೂರೂ ಕಷ್ಟ.

ಅಗ್ಗದ ಕ್ಯಾಪ್ಚರ್ ಡಾಂಗಲ್‌ಗಳ ಕತೆ ಬೇರೆ. ಕೆಲವದರ ಬಾಯಿ ಯುಎಸ್‌ಬಿ 3ರ ಹಾಗೆ ನೀಲಿ ಬಣ್ಣದ್ದು, ಒಳಗೆ ಇರುವುದು ಯುಎಸ್‌ಬಿ 2. ಅದರ ದಾರಿ ಸೆಕೆಂಡಿಗೆ 480 ಮೆಗಾಬಿಟ್; 8 ಮೆಗಾಬಿಟ್ ಅಂದರೆ 1 ಎಂಬಿ. ಅದರಲ್ಲೂ ವಿಡಿಯೋ, ಆಡಿಯೋದಂಥ ತಡವಾಗಬಾರದ ಡೇಟಾಕ್ಕೆ ಕಾದಿರಿಸಬಹುದಾದ ಪಾಲು 80 ಶೇಕಡಾ ಮಾತ್ರ, ಅಂದರೆ ಸೆಕೆಂಡಿಗೆ 48 ಎಂಬಿ. ಒಂದು ಡಾಂಗಲ್ ತನಗೆ ಬೇಕಾದಷ್ಟಲ್ಲ, ಕೇಳಬಹುದಾದ ಗರಿಷ್ಠ, ಸುಮಾರು 24.5 ಎಂಬಿ, ಕಾದಿರಿಸಿಕೊಂಡು ಕೂತರೆ ಎರಡನೆಯದಕ್ಕೆ ಅಷ್ಟೇ ಜಾಗ ಸಿಗುವುದಿಲ್ಲ. ನಿಜವಾಗಿ ಹರಿಯುವ ಡೇಟಾ ಕಡಿಮೆಯೇ ಇರಬಹುದು, ಕಾದಿರಿಸಿದ್ದು ಕಾದಿರಿಸಿದ್ದೇ. ಲಿನಕ್ಸ್‌ನಲ್ಲಿ ಈ ಹೊತ್ತಿಗೆ ಬರುವ ಸಂದೇಶ ಏನು ಗೊತ್ತಾ? “ಸಾಧನದಲ್ಲಿ ಜಾಗ ಉಳಿದಿಲ್ಲ” ಅಂತ. ನೋಡಿದವರೆಲ್ಲ ಡಿಸ್ಕ್ ತುಂಬಿತು ಅಂದುಕೊಂಡು ಫೈಲ್ ಅಳಿಸಲಿಕ್ಕೆ ಹೊರಡುತ್ತಾರೆ. ಡಿಸ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಮುಗಿದದ್ದು ಯುಎಸ್‌ಬಿ ದಾರಿಯಲ್ಲಿನ ಜಾಗ. ಈ ಒಂದು ಸಾಲಿನ ದೆಸೆಯಿಂದ ಯಾರಾದರೂ ಹಳೇ ಆಟಗಳ ಫೈಲ್ ಅಳಿಸಿಬಿಟ್ಟರೆ ಅಂತ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತದೆ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ ಕನೆಕ್ಷನ್ ಪ್ರಕಾರ ತೋರಿಸು ಅಂತ ಕೊಡಿ. ಯಾವ ಕ್ಯಾಮೆರಾ ಯಾವ ಹಬ್‌ನ ಕೆಳಗೆ ಕೂತಿದೆ ಅಂತ ಮರದ ಹಾಗೆ ಕಾಣುತ್ತದೆ. ಆಟದ ಹಿಂದಿನ ದಿನ ಇದನ್ನು ಒಮ್ಮೆ ನೋಡಿದರೆ ಅರ್ಧ ತಲೆನೋವು ಕಡಿಮೆ.

ಈಗ ಡಿಸ್ಕಿಗೆ ಬರುತ್ತೇನೆ. ನಮ್ಮನ್ನು ಅತಿ ಜಾಸ್ತಿ ಸತಾಯಿಸಿದ ತೊಂದರೆ ಇದೇ.

ಕಾಲಮಿತಿ ಆಟವೊಂದರಲ್ಲಿ (ಇಡೀ ರಾತ್ರಿಯದಲ್ಲ, ಕೆಲವೇ ಗಂಟೆಯದು) ಸುಮಾರು ಒಂದು ಗಂಟೆ ಎಲ್ಲ ಸರಿಯಾಗಿತ್ತು. ಆಮೇಲೆ ಹಿಮ್ಮೇಳದ ಕ್ಯಾಮೆರಾ ತಡವರಿಸಲು ಶುರುವಾಯಿತು. ಮದ್ದಳೆಯವರ ಕೈ ಮೇಲೆದ್ದದ್ದು ಮೇಲೆಯೇ ನಿಲ್ಲುವುದು, ಆಮೇಲೆ ಒಂದೇ ಸಲಕ್ಕೆ ಕೆಳಗೆ. ಸ್ವಲ್ಪ ಹೊತ್ತಿಗೆ ಬದಿಯ ಕ್ಯಾಮೆರಾವೂ ಹಾಗೇ. ಎಚ್‌ಡಿಎಂಐ ಕೇಬಲ್ ಬದಲಾಯಿಸಿದೆವು. ಏನೂ ಪ್ರಯೋಜನ ಇಲ್ಲ. ಲ್ಯಾಪ್‌ಟಾಪ್ ಬಿಸಿಯಾಯಿತು ಅಂತ ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆವು. ಅದಕ್ಕೂ ಜಗ್ಗಲಿಲ್ಲ. ಪದ್ಯದ ನಡುವೆ ಬಿಡುವು ಸಿಕ್ಕಾಗ ಭಾಗವತರು ನಮ್ಮ ಕಡೆ ತಿರುಗಿ, “ರೆಕಾರ್ಡ್ ಆಗ್ತಾ ಉಂಟಲ್ವಾ ಮಾರಾಯಾ?” ಅಂತ ಕೇಳಿದರು. “ಆಗ್ತಾ ಉಂಟು ಭಾಗವತರೇ,” ಅಂದೆವು. ಕ್ಯಾಮೆರಾದ ಒಳಗಿನ ಕಾರ್ಡಿನಲ್ಲಿ ಆಗುತ್ತಲೇ ಇತ್ತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಕಡಿದು ಕಡಿದು.

ಮನೆಗೆ ಬಂದು ನಿಧಾನಕ್ಕೆ ಪರೀಕ್ಷೆ ಮಾಡುವಾಗ ಸುಳಿವು ಸಿಕ್ಕಿತು. ತೊಂದರೆ ಗಡಿಯಾರ ನೋಡಿ ಬರುತ್ತಿರಲಿಲ್ಲ. ಎಷ್ಟು ಬರೆದಾಯಿತು ಅನ್ನುವುದನ್ನು ನೋಡಿ ಬರುತ್ತಿತ್ತು. ವಿಡಿಯೋದ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರೆಯುವ ಡೇಟಾ, ಇಳಿಸಿದರೆ ತೊಂದರೆ ಬರುವ ಹೊತ್ತು ಮುಂದೆ ಹೋಗುತ್ತಿತ್ತು. ಏರಿಸಿದರೆ ಬೇಗ ಬರುತ್ತಿತ್ತು. ಡಿಸ್ಕಿನಲ್ಲಿ ಹಳೇ ಆಟಗಳನ್ನು ತುಂಬಿಸಿಟ್ಟರೆ ಇನ್ನೂ ಬೇಗ. ಕೇಬಲ್ಲಿಗಾಗಲಿ ಬಿಸಿಗಾಗಲಿ ಈ ಲೆಕ್ಕ ಗೊತ್ತಿರುವುದಿಲ್ಲ, ಅಲ್ವಾ? ಲೆಕ್ಕ ಗೊತ್ತಿರುವುದು ಎಸ್‌ಎಸ್‌ಡಿಗೆ, ಅಂದರೆ ನಾವು ಬರೆಯುತ್ತಿದ್ದ, ತಿರುಗುವ ತಟ್ಟೆ ಇಲ್ಲದ ಚಿಪ್ ಡಿಸ್ಕಿಗೆ.

ಅಗ್ಗದ ಎಸ್‌ಎಸ್‌ಡಿಗಳಲ್ಲಿ ಒಂದೊಂದು ಕೋಶದಲ್ಲಿ ಮೂರು ಅಥವಾ ನಾಲ್ಕು ಬಿಟ್ ತುಂಬುತ್ತಾರೆ. ಹಾಗೆ ತುಂಬುವುದು ನಿಧಾನದ ಕೆಲಸ. ಅದಕ್ಕೆ ಖಾಲಿ ಇರುವ ಒಂದಿಷ್ಟು ಕೋಶಗಳನ್ನು ಕೋಶಕ್ಕೆ ಒಂದೇ ಬಿಟ್‌ನ ಹಾಗೆ ಬಳಸಿ ಬೇಗ ಬೇಗ ಬರೆದುಕೊಳ್ಳುತ್ತದೆ. ಬಿಡುವಾದಾಗ ಅದನ್ನು ಒತ್ತಾಗಿ ಮತ್ತೊಮ್ಮೆ ಬರೆದಿಡುತ್ತದೆ. ನಮ್ಮ ಮನೆಗಳಲ್ಲಿ ಅಡಿಕೆ ಗೋಣಿ ಬಂದಾಗ ಮೊದಲು ಜಗಲಿಯಲ್ಲಿ ಇಳಿಸಿ, ಆಮೇಲೆ ಪುರುಸೊತ್ತಿನಲ್ಲಿ ಅಟ್ಟಕ್ಕೆ ಏರಿಸುವುದಿಲ್ಲವೇ, ಹಾಗೆ. ಗೋಣಿ ಬರುವುದು ನಿಲ್ಲದಿದ್ದರೆ ಜಗಲಿ ತುಂಬುತ್ತದೆ, ಆಮೇಲೆ ಒಂದೊಂದೇ ಗೋಣಿಯನ್ನು ನೇರ ಅಟ್ಟಕ್ಕೇ ಹೊರಬೇಕು. ಆಗ ಎಸ್‌ಎಸ್‌ಡಿಯ ವೇಗ ಹಳೇ ಹಾರ್ಡ್ ಡಿಸ್ಕಿಗಿಂತಲೂ ಕೆಳಗೆ ಇಳಿಯುವುದುಂಟು. ಡಿಸ್ಕ್ ಮೊದಲೇ ಅರ್ಧ ತುಂಬಿದ್ದರೆ ಖಾಲಿ ಕೋಶ ಕಡಿಮೆ, ಆ ಸ್ಥಿತಿ ಬೇಗ ಬರುತ್ತದೆ.

ಎಡಿಟಿಂಗಿಗೆ ಅನುಕೂಲ ಅಂತ ನಾವು ಇಟ್ಟಿದ್ದು ದೊಡ್ಡ ಫಾರ್ಮ್ಯಾಟ್. ಪ್ರೊರೆಸ್ 422 ಅಂದರೆ 1080ರಲ್ಲಿ, 25 ಫ್ರೇಮಿಗೆ, ಸೆಕೆಂಡಿಗೆ ಸುಮಾರು 122 ಮೆಗಾಬಿಟ್. ಅಂಥ ನಾಲ್ಕು ಅಂದರೆ ಸೆಕೆಂಡಿಗೆ 61 ಎಂಬಿ, ಗಂಟೆಗೆ ಸುಮಾರು 220 ಜಿಬಿ. ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ 500 ಎಂಬಿ ಅಂತ ಬರೆದಿತ್ತು. ಅದು ಸುಳ್ಳಲ್ಲ, ಆದರೆ ಅದು ಆ ಬೇಗದ ಕೋಶಗಳು ಖಾಲಿ ಇರುವಾಗಿನ ಮಾತು. ಡಿಸ್ಕ್ ವೇಗ ಅಳೆಯುವ ಸಾಫ್ಟ್‌ವೇರ್‌ಗಳೂ ಸಾಮಾನ್ಯವಾಗಿ 1 ಜಿಬಿ ಬರೆದು ಅಂಕಿ ಕೊಡುತ್ತವೆ. ಇಡೀ ರಾತ್ರಿ ಬರೆಯುವವರಿಗೆ ಆ ಅಂಕಿಯಿಂದ ಏನೂ ಉಪಯೋಗ ಇಲ್ಲ. ಸರಿಯಾದ ಪರೀಕ್ಷೆ ಒಂದೇ: ದೊಡ್ಡ ದೊಡ್ಡ ಫೈಲುಗಳನ್ನು ನಿಲ್ಲಿಸದೆ ಕಾಪಿ ಮಾಡುತ್ತಾ ಡಿಸ್ಕನ್ನು ಪೂರ್ತಿ ತುಂಬಿಸಿ, ವೇಗದ ಗೆರೆ ಎಲ್ಲಿ ಬೀಳುತ್ತದೆ, ಬಿದ್ದು ಎಷ್ಟಕ್ಕೆ ನಿಲ್ಲುತ್ತದೆ ಅಂತ ನೋಡುವುದು. ಆ ಕೆಳಗಿನ ಅಂಕಿಯೇ ಆ ಡಿಸ್ಕಿನ ನಿಜವಾದ ವೇಗ.

ಇನ್ನೊಂದು ಸೂಕ್ಷ್ಮ ಇದೆ. ಬಿಟ್‌ರೇಟ್ ಸ್ಥಿರ ಅಂತ ಇಡದೆ, ಗುಣಮಟ್ಟ ನೋಡಿ ಸಾಫ್ಟ್‌ವೇರೇ ಹೆಚ್ಚು ಕಡಿಮೆ ಮಾಡಲಿ ಅಂತ ಬಿಟ್ಟಿದ್ದರೆ, ಬಣ್ಣದ ವೇಷ (ರಾಕ್ಷಸ ಪಾತ್ರ) ಬರುವಾಗ ಡೇಟಾ ಹಾರುತ್ತದೆ. ದೊಂದಿಗೆ ರಾಳ ಎಸೆದಾಗ ಏಳುವ ಬೆಂಕಿ, ಹೊಗೆ, ಅದರ ನಡುವೆ ಕಿರೀಟದ ಮಿಂಚು, ಪ್ರತಿ ಫ್ರೇಮೂ ಹಿಂದಿನ ಫ್ರೇಮಿನ ಹಾಗೆ ಇರುವುದಿಲ್ಲ. ಕುಗ್ಗಿಸುವ ಸಾಫ್ಟ್‌ವೇರ್‌ಗೆ ಕುಗ್ಗಿಸಲಿಕ್ಕೆ ಏನೂ ಸಿಗುವುದಿಲ್ಲ. ಅಂದರೆ ಜನ ಎದ್ದು ಕೂತು ನೋಡುವ ಗಳಿಗೆಯಲ್ಲೇ ಡಿಸ್ಕಿನ ಮೇಲೆ ಹೊರೆ ಅತಿ ಜಾಸ್ತಿ. ರಾಜನ ಒಡ್ಡೋಲಗದ ಮಾತುಕತೆಯಲ್ಲಿ ಪರೀಕ್ಷೆ ಮಾಡಿ ಸರಿಯಿದೆ ಅಂದುಕೊಂಡರೆ ಸಾಲದು.

ಹಾರ್ಡ್ ಡಿಸ್ಕ್ ಇಟ್ಟರೆ? ಒಂದೇ ಫೈಲ್ ಬರೆಯುವಾಗ ಅದು ಸೆಕೆಂಡಿಗೆ 100 ಎಂಬಿಗೂ ಹೆಚ್ಚು ಬರೆಯುತ್ತದೆ. ನಾಲ್ಕು ಫೈಲನ್ನು ಒಟ್ಟಿಗೆ ಬರೆಯುವಾಗ ಅದರ ಹೆಡ್ ಅಲ್ಲಿಂದಿಲ್ಲಿಗೆ ಓಡಬೇಕು, ವೇಗ ಕುಸಿಯುತ್ತದೆ. ತುಂಬುತ್ತಾ ಹೋದ ಹಾಗೆ ತಟ್ಟೆಯ ಒಳಸುತ್ತಿಗೆ ಬರುತ್ತದೆ, ಅಲ್ಲಿ ವೇಗ ಹೊರಸುತ್ತಿನ ಅರ್ಧದ ಹತ್ತಿರ. ಅದರ ಮೇಲೆ ಚೆಂಡೆ ಪೆಟ್ಟಿನ ಅದುರು, ಮರದ ಬೆಂಚಿನ ಮೇಲೆ ಡಿಸ್ಕ್. ರೆಕಾರ್ಡಿಂಗಿಗೆ ಬೇಡ. ಆಮೇಲೆ ಕಾಪಿ ಇಡುವುದಕ್ಕೆ ಹಾರ್ಡ್ ಡಿಸ್ಕ್ ಧಾರಾಳ ಸಾಕು.

ಸಾಫ್ಟ್‌ವೇರ್ ಜಗಳಗಳ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಒಂದು ಪ್ರೋಗ್ರಾಂ ಕ್ಯಾಮೆರಾ ಹಿಡಿದುಕೊಂಡರೆ ಇನ್ನೊಂದಕ್ಕೆ ಸಿಗುವುದಿಲ್ಲ ಅನ್ನುವುದು ಸಾಮಾನ್ಯ ಕಾರಣ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ತಾನಾಗಿ ತೆರೆಯುವ ಮೀಟಿಂಗ್ ಆ್ಯಪ್, ಯಾವಾಗಲೋ ತೆರೆದಿಟ್ಟ ಬ್ರೌಸರ್ ಟ್ಯಾಬ್, ಇವೇ ಹೆಚ್ಚಾಗಿ ಹಿಡಿದುಕೊಂಡಿರುತ್ತವೆ. ಎಲ್ಲ ಮುಚ್ಚಿ, ತಾನಾಗಿ ತೆರೆಯುವುದನ್ನು ಸ್ಟಾರ್ಟಪ್ ಪಟ್ಟಿಯಿಂದ ತೆಗೆಯಿರಿ. ಒಂದೇ ಬಗೆಯ ನಾಲ್ಕು ಡಾಂಗಲ್ ಇದ್ದರೆ ನಾಲ್ಕರ ಹೆಸರೂ “ಯುಎಸ್‌ಬಿ ವಿಡಿಯೋ” ಅಂತಲೇ ಬರುತ್ತದೆ. ಒಳಗೆ ಬೇರೆ ಬೇರೆ ಸೀರಿಯಲ್ ನಂಬರ್ ಇಲ್ಲದಿದ್ದರೆ ಕಂಪ್ಯೂಟರ್ ಗುರುತು ಹಿಡಿಯುವುದು ಪೋರ್ಟ್ ನೋಡಿ. ಪೋರ್ಟ್ ಬದಲಾದರೆ ಹಿಮ್ಮೇಳದ ಜಾಗದಲ್ಲಿ ಚೌಕಿಯ ದಾರಿ ಕಾಣಿಸುತ್ತದೆ. ಕೇಬಲ್ಲಿಗೂ ಪೋರ್ಟಿಗೂ ಒಂದೇ ಬಣ್ಣದ ಟೇಪ್ ಅಂಟಿಸಿದ ಮೇಲೆ ನಮಗೆ ಆ ಗೊಂದಲ ಇಲ್ಲ.

ಕೆಲವು ಸಲ ನಾವು ಏನೂ ಮುಟ್ಟದೆಯೇ ಎಲ್ಲ ಕೆಡುತ್ತದೆ. 2016ರ ಆಗಸ್ಟಿನಲ್ಲಿ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂದಾಗ ಹಾಗೇ ಆಯಿತು. ಒಂದು ಕ್ಯಾಮೆರಾವನ್ನು ಹಲವು ಪ್ರೋಗ್ರಾಂಗಳು ಹಂಚಿಕೊಳ್ಳಲಿ ಅಂತ ಒಳ್ಳೆಯ ಉದ್ದೇಶದಿಂದ ನಡುವೆ ಒಂದು ಹೊಸ ಪದರ ಸೇರಿಸಿದರು. ಆ ಪದರ ಎಂಜೆಪೆಗ್, ಎಚ್.264 ರೂಪದ ಕುಗ್ಗಿಸಿದ ಚಿತ್ರಗಳನ್ನು ಹಾಗೆಯೇ ದಾಟಿಸಲಿಲ್ಲ. ಹಿಂದಿನ ದಿನದವರೆಗೆ ಸರಿಯಿದ್ದ ಕ್ಯಾಮೆರಾಗಳು ಲೋಕದ ತುಂಬಾ ನಿಂತುಹೋದವು. ಆಮೇಲೆ ಸರಿಪಡಿಸಿದರು ಅನ್ನಿ. ಆದರೆ ಆಟದ ವಾರ ಯಾವ ಅಪ್‌ಡೇಟೂ ಹಾಕಬಾರದು ಅನ್ನುವ ನನ್ನ ಹಟಕ್ಕೆ ಅದೇ ಕಾರಣ. ಅಪ್‌ಡೇಟ್ ಬೇಡ ಅಂತ ನಾನು ಹೇಳುವುದಿಲ್ಲ. ಹಾಕಿ, ಹಾಕಿದ ಮೇಲೆ ಒಂದು ದಿನ ಪೂರ್ತಿ ಓಡಿಸಿ ನೋಡಿ, ಆಮೇಲೆ ಗದ್ದೆಗೆ ತೆಗೆದುಕೊಂಡು ಹೋಗಿ.

ಕಂಪ್ಯೂಟರಿನ ದಿನಚರಿಯೂ ಆಟದ ದಿನಚರಿಯೂ ಹೊಂದುವುದಿಲ್ಲ, ಇದನ್ನು ಮರೆಯಬಾರದು. ಜನ ಹಗಲು ಕೆಲಸ ಮಾಡಿ ರಾತ್ರಿ ಮಲಗುತ್ತಾರೆ ಅಂತ ನಂಬಿ ಅದನ್ನು ಮಾಡಿದ್ದು. ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಆಗಲಿಕ್ಕೆ ಅದು ಹುಡುಕುವುದು ರಾತ್ರಿಯನ್ನು. ವಿಂಡೋಸಿನ ತಾನಾಗಿ ನಡೆಯುವ ನಿರ್ವಹಣೆಯ ಹೊತ್ತು ಬದಲಾಯಿಸದಿದ್ದರೆ ರಾತ್ರಿ 2 ಗಂಟೆ. ಇಡೀ ರಾತ್ರಿಯ ಆಟ ಆ ಹೊತ್ತಿಗೆ ಇನ್ನೂ ನಡೆಯುತ್ತಲೇ ಇರುತ್ತದೆ. ವಿಂಡೋಸಿನ ಕೆಲಸದ ಹೊತ್ತನ್ನು (ಆ್ಯಕ್ಟಿವ್ ಅವರ್ಸ್) ರಾತ್ರಿಗೆ ಬದಲಿಸಿ, ಅಪ್‌ಡೇಟ್ ತಾತ್ಕಾಲಿಕವಾಗಿ ನಿಲ್ಲಿಸಿ. ಆಂಟಿವೈರಸ್‌ಗೆ ರೆಕಾರ್ಡಿಂಗ್ ಫೋಲ್ಡರ್ ಮುಟ್ಟಬೇಡ ಅಂತ ಹೇಳಿ. ಆ ಫೋಲ್ಡರ್ ಕ್ಲೌಡಿಗೆ ಸಿಂಕ್ ಆಗುವ ಜಾಗದಲ್ಲಿ ಇರಲೇಬಾರದು. ಬೆಳೆಯುತ್ತಿರುವ ಫೈಲನ್ನು ಸಿಂಕ್ ಮತ್ತೆ ಮತ್ತೆ ಓದುತ್ತದೆ, ನೇರ ಪ್ರಸಾರಕ್ಕೆ ಇಟ್ಟ ಮೊಬೈಲ್ ಡೇಟಾವನ್ನೂ ತಿನ್ನುತ್ತದೆ. ನಮ್ಮ ಗುಡ್ಡದ ಊರುಗಳಲ್ಲಿ ಸಿಗ್ನಲ್ ಸಿಗುವುದೇ ಅಪರೂಪ.

ಗ್ರಾಫಿಕ್ಸ್ ಕಾರ್ಡಿನ ಒಂದು ಮಿತಿ ಇನ್ನೂ ಕೆಲವರಿಗೆ ಗೊತ್ತಿಲ್ಲ. ಎನ್‌ವಿಡಿಯಾದ ಸಾಮಾನ್ಯ ಕಾರ್ಡುಗಳಲ್ಲಿ ಒಟ್ಟಿಗೆ ಎಷ್ಟು ವಿಡಿಯೋ ಕುಗ್ಗಿಸಬಹುದು ಅನ್ನುವುದಕ್ಕೆ ಡ್ರೈವರ್‌ನಲ್ಲೇ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್‌ನಲ್ಲೇ) ಬೇಲಿ ಇತ್ತು. ಅದು ಬಹಳ ಕಾಲ 2, 3ರಲ್ಲೇ ಇತ್ತು. 2023ರಲ್ಲಿ 5 ಮಾಡಿದರು, ಆಮೇಲೆ 8. ನಾಲ್ಕು ಕ್ಯಾಮೆರಾ, ಜೊತೆಗೆ ನೇರ ಪ್ರಸಾರ ಅಂದರೆ ಐದು. ಹಳೇ ಡ್ರೈವರ್ ಇದ್ದರೆ ಕೊನೆಯ ಎರಡೋ ಮೂರೋ ಶುರುವೇ ಆಗುವುದಿಲ್ಲ. ಯಂತ್ರದ ಶಕ್ತಿಗೂ ಇದಕ್ಕೂ ಸಂಬಂಧ ಇಲ್ಲ.

ರೆಕಾರ್ಡಿಂಗಿಗೂ ನೇರ ಪ್ರಸಾರಕ್ಕೂ ಒಬಿಎಸ್ ಅನ್ನುವ ಸಾಫ್ಟ್‌ವೇರ್ ಬಳಸುವವರು ಅದರ ಸ್ಟ್ಯಾಟ್ಸ್ ಕಿಟಕಿಯನ್ನು ಇಡೀ ರಾತ್ರಿ ತೆರೆದೇ ಇಡಿ. ಚಿತ್ರ ಕಟ್ಟುವಲ್ಲಿ ತಪ್ಪಿದ ಫ್ರೇಮ್, ಕುಗ್ಗಿಸುವಲ್ಲಿ ತಪ್ಪಿದ ಫ್ರೇಮ್, ನೆಟ್‌ವರ್ಕಿನಲ್ಲಿ ಬಿದ್ದ ಫ್ರೇಮ್, ಮೂರನ್ನೂ ಅದು ಬೇರೆ ಬೇರೆ ತೋರಿಸುತ್ತದೆ. ಮೂರಕ್ಕೂ ಮದ್ದು ಬೇರೆ. ಮೂರೂ ಸೊನ್ನೆ ಇದ್ದು ಫೈಲ್ ಮಾತ್ರ ಕಡಿಯುತ್ತಿದ್ದರೆ ಡಿಸ್ಕಿನ ಕಡೆ ಅಥವಾ ಯುಎಸ್‌ಬಿ ಕಡೆ ತಿರುಗಬೇಕು. ಆಗ ರಿಸೋರ್ಸ್ ಮಾನಿಟರ್‌ನಲ್ಲಿ ಡಿಸ್ಕಿನ ಕ್ಯೂ (ಕಾದು ನಿಂತ ಕೆಲಸಗಳ ಸಾಲು) ಉದ್ದ ನೋಡಿ. ಅದು ಏರುತ್ತಲೇ ಇದ್ದರೆ ಉತ್ತರ ಸಿಕ್ಕಿತು.

ಇನ್ನು ಕರೆಂಟ್. ಜನರೇಟರ್ ಒಂದು ಕ್ಷಣ ಕೆಮ್ಮಿದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಹೊರಗಿನ ಹಬ್‌ಗೆ ಇಲ್ಲ. ಡಿಸ್ಕ್ ಅದರಲ್ಲಿದ್ದರೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಸಾಮಾನ್ಯ ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿ ಬರೆಯುವುದು ರೆಕಾರ್ಡಿಂಗ್ ನಿಲ್ಲಿಸುವಾಗ. ಆ ಸೂಚಿ ಬರೆಯದೆ ನಿಂತರೆ ಮೂರು ಗಂಟೆಯ ಫೈಲ್ ಇದ್ದೂ ತೆರೆಯುವುದಿಲ್ಲ. ಎಂಕೆವಿ ಹಾಗಲ್ಲ, ನಿಂತಲ್ಲಿಯವರೆಗೆ ಉಳಿಯುತ್ತದೆ, ಆಮೇಲೆ ಎಂಪಿ4 ಮಾಡಿಕೊಳ್ಳಬಹುದು. 2024ರಿಂದ ಒಬಿಎಸ್‌ನಲ್ಲಿ ಹೈಬ್ರಿಡ್ ಎಂಪಿ4 ಕೂಡ ಇದೆ, ಅದೂ ಅರ್ಧಕ್ಕೆ ನಿಂತರೂ ಉಳಿಯುತ್ತದೆ. ಎರಡರಲ್ಲಿ ಒಂದು ಇಡಿ, ಬರೀ ಎಂಪಿ4 ಬೇಡ. ಫ್ಯಾಟ್32 ಅನ್ನುವ ಹಳೇ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಂತೂ ಬೇಡವೇ ಬೇಡ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. 50 ಮೆಗಾಬಿಟ್‌ಗೆ ಅದು ಹನ್ನೊಂದು ನಿಮಿಷ ಚಿಲ್ಲರೆ.

ಇಷ್ಟೆಲ್ಲ ಆದ ಮೇಲೆ ನಾವು ಬಂದು ನಿಂತದ್ದು ಇಲ್ಲಿಗೆ: ಲ್ಯಾಪ್‌ಟಾಪ್ ನೇರ ಪ್ರಸಾರಕ್ಕೆ, ಕ್ಯಾಮೆರಾದ ಕಾರ್ಡ್ ದಾಖಲೆಗೆ. ಪ್ರತಿ ಕ್ಯಾಮೆರಾವೂ ತನ್ನ ಕಾರ್ಡಿನಲ್ಲಿ ತಾನೇ ಬರೆದುಕೊಳ್ಳುತ್ತದೆ. 50 ಮೆಗಾಬಿಟ್‌ಗೆ ಗಂಟೆಗೆ 22.5 ಜಿಬಿ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸುಮಾರು 200 ಜಿಬಿ, 256ರ ಕಾರ್ಡಿನಲ್ಲಿ ಹಿಡಿಸುತ್ತದೆ. ವಿ30 ಗುರುತಿನ ಕಾರ್ಡ್ ಅಂದರೆ ಸೆಕೆಂಡಿಗೆ ಕಡಿಮೆ ಅಂದರೂ 30 ಎಂಬಿ. ನಮಗೆ ಬೇಕಾದದ್ದು ಆರು ಚಿಲ್ಲರೆ. ಒಂದು ಕ್ಯಾಮೆರಾ ಕೆಟ್ಟರೂ ಉಳಿದ ಮೂರಕ್ಕೆ ಏನೂ ಆಗುವುದಿಲ್ಲ. ಎಡಿಟ್ ಮಾಡುವವನಿಗೆ ಕೆಲಸ ಜಾಸ್ತಿ, ಹೌದು. ಆದರೆ ಒಂದು ರಾತ್ರಿಯ ಅರ್ಥ ಪೂರ್ತಿ ಒಂದೇ ಡಿಸ್ಕಿನ ಮೇಲೆ ನಿಂತಿರುವುದಿಲ್ಲ.

ಅವನಿಗೆ ಜಾಸ್ತಿಯಾಗುವ ಕೆಲಸ ಅಂದರೆ ನಾಲ್ಕನ್ನೂ ಹೊಂದಿಸುವುದು. ಇದರಲ್ಲಿ ಚೆಂಡೆ ದೊಡ್ಡ ಸಹಾಯ. ಆಡಿಯೋದ ಅಲೆಯಲ್ಲಿ ಒಂದು ಚೆಂಡೆ ಪೆಟ್ಟು ನೆಟ್ಟ ಗೂಟದ ಹಾಗೆ ನೇರ ನಿಲ್ಲುತ್ತದೆ, ನಾಲ್ಕು ಫೈಲಿನಲ್ಲೂ ಕಣ್ಣಿಗೆ ಕಾಣುತ್ತದೆ. ಆದರೆ ಅದನ್ನು ನೋಡಿ ಹಾಗೇ ಹೊಂದಿಸಿದರೆ ಹಿಂದಿನ ಕ್ಯಾಮೆರಾ ತಪ್ಪುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 25 ಫ್ರೇಮಿನಲ್ಲಿ ಒಂದು ಫ್ರೇಮಿನ ಹೊತ್ತಿಗೆ 13.6 ಮೀಟರ್. ಗದ್ದೆಯ ಕೊನೆಯಲ್ಲಿ, 27 ಮೀಟರ್ ದೂರದಲ್ಲಿ ಇಟ್ಟ ಕ್ಯಾಮೆರಾಕ್ಕೆ ಪೆಟ್ಟು ಕೇಳುವುದು ಎರಡು ಫ್ರೇಮ್ ತಡವಾಗಿ. ಶಬ್ದ ಹೊಂದಿಸಿದ ಮೇಲೆ ಆ ಕ್ಯಾಮೆರಾದ ಚಿತ್ರವನ್ನು ಎರಡು ಫ್ರೇಮ್ ಸರಿಸಬೇಕು. ಕುಣಿತದ ಹೆಜ್ಜೆ ಮತ್ತು ಗೆಜ್ಜೆಯ ವಿಷಯ ಇದು, ಎರಡು ಫ್ರೇಮ್ ಅಂದರೆ ಕಣ್ಣಿಗೆ ಚುಚ್ಚುತ್ತದೆ.

ಅಷ್ಟು ಮಾಡಿದರೂ ಬೆಳಗಿನ ಜಾವಕ್ಕೆ ಮತ್ತೆ ಜಾರುತ್ತದೆ. ಪ್ರತಿ ಕ್ಯಾಮೆರಾದ ಒಳಗಿನ ಗಡಿಯಾರ ಒಂದಿಷ್ಟು ಬೇರೆ. ಎರಡರ ನಡುವೆ ಹತ್ತು ಲಕ್ಷಕ್ಕೆ 40 ಪಾಲು ವ್ಯತ್ಯಾಸ ಇದ್ದರೆ ಒಂಬತ್ತು ಗಂಟೆಗೆ 1.3 ಸೆಕೆಂಡ್. ಅದಕ್ಕೆ ನಾವು ಇಡೀ ರಾತ್ರಿಯನ್ನು ಒಂದೇ ಸಲ ಹೊಂದಿಸುವುದಿಲ್ಲ. ಒಂದೊಂದು ಪದ್ಯ ಮುಗಿದು ಮಾತು ಶುರುವಾಗುವ ಜಾಗದಲ್ಲಿ ಕತ್ತರಿಸಿ, ಹತ್ತಿರದ ಚೆಂಡೆ ಪೆಟ್ಟಿಗೆ ಮತ್ತೆ ಹೊಂದಿಸುತ್ತೇವೆ. ಮಾತಿನ ನಡುವೆ ಕತ್ತರಿಸುವುದಿಲ್ಲ.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸಿದ ಮೇಲೆ ಮಳೆಗಾಲದ ತಾಳಮದ್ದಳೆಗಳು ಇರುತ್ತವೆ. ಮಾಡಿನ ಕೆಳಗೆ, ಕೂತ ಜಾಗದಲ್ಲೇ, ಬರೀ ಮಾತು. ಹೊಸ ಡಿಸ್ಕ್, ಹೊಸ ಡ್ರೈವರ್, ಹೊಸ ಹಬ್ ಯಾವುದಿದ್ದರೂ ನಾವು ಅಲ್ಲೇ ಮೊದಲು ಓಡಿಸಿ ನೋಡುವುದು, ಕಾರ್ಡಿನಲ್ಲಿ ಬೇರೆ ರೆಕಾರ್ಡ್ ಇಟ್ಟುಕೊಂಡು. ನಮ್ಮ ಕಡೆಯ ಮಳೆಗೆ ಲೆನ್ಸಿಗೂ ಬೂಸಲು ಹಿಡಿಯುತ್ತದೆ. ಅದಕ್ಕೆ ಡಿಸ್ಕುಗಳನ್ನೂ ಲೆನ್ಸುಗಳ ಜೊತೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇವೆ. ಪ್ರತಿ ಆಟಕ್ಕೂ ಎರಡು ಕಾಪಿ, ಎರಡು ಬೇರೆ ಮನೆಗಳಲ್ಲಿ. ಎರಡು ಕಾಪಿಯನ್ನೂ ತೆರೆದು ಮೊದಲು, ನಡುವೆ, ಕೊನೆ ಮೂರು ಕಡೆ ಓಡಿಸಿ ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಯಾರೂ ಫಾರ್ಮ್ಯಾಟ್ ಮಾಡುವ ಹಾಗಿಲ್ಲ.